ಮುಂಗಾರಿಗೆ ಮುನ್ನ ಬೆಟ್ಟದ ದಾರಿ

ಮಳೆ ಎಂಬ ಹೆಸರು ಒಂದೇ ಆದರೂ ನಮ್ಮ ನಾಡಿನ ಆಕಾಶದಿಂದ ಬೀಳುವ ನೀರು ಒಂದೇ ಬಗೆಯದಲ್ಲ. ಜ್ಯೇಷ್ಠ ಆಷಾಢಗಳಲ್ಲಿ ಪಡುವಣ ಕಡಲಿನಿಂದ ಮೋಡದ ದಂಡು ಏರಿಬಂದು ವಾರಗಟ್ಟಲೆ ಸುರಿಯುವ ಮುಂಗಾರು ಒಂದು. ಅದಕ್ಕೆ ಮುನ್ನ, ಚೈತ್ರ ವೈಶಾಖಗಳ ಬಿಸಿಲು ನೆತ್ತಿಯನ್ನು ಸುಡುತ್ತಿರುವಾಗಲೇ, ಮಧ್ಯಾಹ್ನದ ಮೇಲೆ ಒಮ್ಮಿಂದೊಮ್ಮೆ ದಿಕ್ಕು ಕಪ್ಪಿಟ್ಟು, ಗಾಳಿಯೆದ್ದು, ಗುಡುಗಿ, ಒಂದೆರಡು ಗಳಿಗೆ ಸುರಿದು ಹೋಗುವ ಬೇಸಗೆಯ ಮಳೆ ಮತ್ತೊಂದು. ರೈತರು ಇದನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಿಂದ ಎಣಿಸುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಅವರಲ್ಲಿ ಗಾದೆ. ಚಿಕ್ಕಮಗಳೂರು ಕೊಡಗುಗಳ ಕಾಫಿ ತೋಟದವರಿಗೆ ಇದು ಹೂಮಳೆ. ಇದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮೈಸೂರಿನಲ್ಲಿರುವ ನಮಗಂತೂ ಇದು ಅಲ್ಪವಾದ ಮಳೆಯಲ್ಲ. ಜೂನ್ ಜುಲೈ ತಿಂಗಳುಗಳಿಗಿಂತ ಮೇ ತಿಂಗಳಿನಲ್ಲಿಯೇ ಈ ಊರಿಗೆ ಹೆಚ್ಚಾಗಿ ಮಳೆ ಬೀಳುವುದೆಂಬುದು ಹವಾಮಾನದ ಲೆಕ್ಕಗಳನ್ನು ನೋಡಿದವರೆಲ್ಲರಿಗೂ ತಿಳಿದ ಸಂಗತಿ.

ಈ ಮಳೆ ಎರಡು ಸಲ ಬಿದ್ದಿತೆಂದರೆ ಊರಿನವರ ಮನಸ್ಸು ಬೆಟ್ಟದ ಕಡೆಗೆ ಓಡುತ್ತದೆ. ಅದು ಸಹಜ. ಧೂಳು ಅಡಗಿದೆ; ಗಾಳಿ ತೊಳೆದಂತಿದೆ; ಸುಟ್ಟು ಕರಿದಾಗಿದ್ದ ಗಿರಿಯ ಮೇಲೆ ನಾಲ್ಕೇ ದಿನಗಳಲ್ಲಿ ಎಳೆಯ ಹುಲ್ಲಿನ ಹಸುರು ಹಾಯ್ದಿದೆ. ಕಾಡುಕಿಚ್ಚಿನ ಭಯದಿಂದ ಬೇಸಗೆಯಲ್ಲಿ ಮುಚ್ಚಿದ್ದ ಕೆಲವು ಕಾಲುದಾರಿಗಳನ್ನು ಅರಣ್ಯ ಇಲಾಖೆಯವರು ಮಳೆ ಬಿದ್ದ ಮೇಲೆ ತೆರೆಯುವುದೂ ಉಂಟು. ಬೆಟ್ಟ ಹತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಯಾವುದೆಂದು ಕೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ, ಕಣ್ಣಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ; ದಾರಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಬೆಟ್ಟವು ಅತ್ಯಂತ ಚೆಲುವಾಗಿ ಕಾಣುವ ಈ ಕೆಲವು ವಾರಗಳಲ್ಲಿಯೇ ಅದರ ದಾರಿ ಅತ್ಯಂತ ಮೆತ್ತಗಾಗಿರುತ್ತದೆ, ಅದರ ನೆತ್ತಿಯ ಮೇಲಿನ ಆಕಾಶ ಅತ್ಯಂತ ಅಪಾಯಕರವಾಗಿರುತ್ತದೆ. ಈ ಎರಡು ಮಾತುಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೈಸೂರಿನವರಿಗೆ ಬೆಟ್ಟವೆಂದರೆ ಮೊದಲು ಚಾಮುಂಡಿಬೆಟ್ಟ. ಅದರ ದಾರಿ ಕಲ್ಲಿನದು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳು ಮೂರೂವರೆ ಶತಮಾನಗಳ ಮಳೆಯನ್ನೂ ಭಕ್ತರ ಕಾಲುಗಳನ್ನೂ ಸಹಿಸಿಕೊಂಡು ಇಂದಿಗೂ ನಿಂತಿವೆ. ಅದೇ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ಹೊಸಕಾಲದ ರಸ್ತೆ 2021ರ ಮಳೆಗೆ ಕುಸಿದುಬಿದ್ದುದನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ. ಮೆಟ್ಟಿಲನ್ನು ಹತ್ತಿ ಅಭ್ಯಾಸವಾದ ನಮಗೆ, ದಾರಿಯೆಂಬುದು ಸವೆಯುವ ವಸ್ತುವೆಂಬ ಭಾವನೆಯೇ ಸುಲಭವಾಗಿ ಬರುವುದಿಲ್ಲ. ಮಲೆನಾಡಿನ ಗಿರಿಗಳ ದಾರಿ ಹಾಗಲ್ಲ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಸುಮಾರು 1,930 ಮೀಟರು ಎತ್ತರಕ್ಕೆ ನಿಂತು ಕರ್ಣಾಟಕದ ಶಿಖರಗಳಲ್ಲೆಲ್ಲ ಹಿರಿದೆನಿಸಿದ ಮುಳ್ಳಯ್ಯನಗಿರಿ, ಅದಕ್ಕೆ ತುಸುವೇ ತಗ್ಗಾದ ಕುದುರೆಮುಖ, ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವ 1,712 ಮೀಟರಿನ ಕುಮಾರಪರ್ವತ, ಕೊಡಗಿನ ತಡಿಯಂಡಮೋಳ್ ಇವುಗಳ ಮೇಲಕ್ಕೆ ಹೋಗುವ ದಾರಿಗಳನ್ನು ಬಹುಮಟ್ಟಿಗೆ ಯಾರೂ ಕಟ್ಟಿದುದಲ್ಲ. ದನಗಳೂ ಯಾತ್ರಿಕರೂ ನಡೆದು ನಡೆದು ಆದುವು. ನಡೆದು ಆದ ದಾರಿ ನಡೆದೇ ಕೆಡುತ್ತದೆ.

ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಬೇಸಗೆಯ ಮಳೆಯ ಹನಿಯಿಂದ ಮೊದಲುಮಾಡಬೇಕು. ಗಟ್ಟದ ಮೇಲಿನ ಮುಂಗಾರು ಬಹುವೇಳೆ ಸಣ್ಣ ಹನಿಯ ಮಳೆ. ಗುಡುಗಿನ ಮಳೆಯಲ್ಲಿ ಹನಿ ದಪ್ಪ. ಒಂದು ಮಿಲಿಮೀಟರು ಗಾತ್ರದ ಹನಿ ಸೆಕೆಂಡಿಗೆ ಸುಮಾರು 4 ಮೀಟರು ವೇಗದಲ್ಲಿ ನೆಲಕ್ಕೆ ಮುಟ್ಟಿದರೆ, ಐದು ಮಿಲಿಮೀಟರಿನ ಹನಿ ಸುಮಾರು 9 ಮೀಟರು ವೇಗದಲ್ಲಿ ಬಂದು ಬಡಿಯುತ್ತದೆ. ಅದರ ತೂಕವೋ ಮೊದಲಿನದಕ್ಕಿಂತ ನೂರು ಪಾಲಿಗೂ ಹೆಚ್ಚು. ಇಂಥ ಹನಿಗೆ ಎದೆಯೊಡ್ಡುವ ಮಣ್ಣು ಎಂಥದು? ನಾಲ್ಕೈದು ತಿಂಗಳು ನೀರು ಕಾಣದೆ ಪುಡಿಯಾದದ್ದು. ಹುಲ್ಲು ಒಣಗಿ, ಕೆಲವೆಡೆ ಸುಟ್ಟು, ಮರೆಯೇ ಇಲ್ಲದಂತಾದದ್ದು. ಬಹುಕಾಲ ಒಣಗಿದ ಮಣ್ಣು, ಅದರಲ್ಲಿಯೂ ಬೆಂಕಿ ಹಾಯ್ದ ಮಣ್ಣು, ಮೊದಲ ನೀರನ್ನು ಒಡನೆಯೇ ಕುಡಿಯುವುದಿಲ್ಲ. ಎಣ್ಣೆ ಸವರಿದ ಹಲಗೆಯ ಮೇಲೆ ಬಿದ್ದಂತೆ ನೀರು ಅದರ ಮೇಲೆ ಉರುಳಿಹೋಗುತ್ತದೆ. ಹೀಗೆ ಉರುಳುವ ನೀರು ತಗ್ಗನ್ನು ಹುಡುಕುತ್ತದೆ. ಗಿರಿಯ ಮೈಮೇಲೆ ಅದಕ್ಕೆ ಸಿದ್ಧವಾಗಿ ಸಿಕ್ಕುವ ತಗ್ಗು ಯಾವುದೆಂದರೆ ಮನುಷ್ಯರು ತುಳಿದು ಗಟ್ಟಿಮಾಡಿದ ಕಾಲುದಾರಿಯೇ. ಗುಡುಗುಮಳೆಯ ಹೊತ್ತಿನಲ್ಲಿ ಮಲೆನಾಡಿನ ಬೆಟ್ಟದ ದಾರಿಯಲ್ಲಿ ಇದ್ದವರು ಇದನ್ನು ನೋಡಿಯೇ ಇರಬೇಕು: ಕಾಲು ಗಳಿಗೆಯೊಳಗೆ ದಾರಿ ಹಳ್ಳವಾಗುತ್ತದೆ, ಕೆಂಪು ನೀರು ಸಣ್ಣ ಕಲ್ಲುಗಳನ್ನು ಉರುಳಿಸಿಕೊಂಡು ಇಳಿಯುತ್ತದೆ.

ಮಳೆ ನಿಂತ ಮೇಲೆ ಉಳಿಯುವುದು ಒಂದು ವಿಚಿತ್ರವಾದ ನೆಲ. ಮೇಲಿನ ಎರಡು ಬೆರಳು ಮಂದದ ಮಣ್ಣು ಬೆಣ್ಣೆಯಾಗಿರುತ್ತದೆ. ಅದರ ಕೆಳಗೆ ಬೇಸಗೆಯ ನೆಲ ಇನ್ನೂ ಇಟ್ಟಿಗೆಯಂತೆ ಒಣಗಿ ಗಟ್ಟಿಯಾಗಿರುತ್ತದೆ. ಮುಂಗಾರಿನ ನಡುವೆ ಮಣ್ಣು ಆಳದವರೆಗೆ ನೆನೆದಿರುವುದರಿಂದ ಕಾಲು ಹೂತುಕೊಂಡರೂ ಹಿಡಿತವಿರುತ್ತದೆ. ಈ ಕಾಲದಲ್ಲಿ ಕಾಲು ಹೂಳುವುದಿಲ್ಲ, ಜಾರುತ್ತದೆ. ಕೆಮ್ಮಣ್ಣುಗುಂಡಿಯಂಥ ಕಡೆ ಇದು ಇನ್ನೂ ಹೆಚ್ಚು. ಊರಿನ ಹೆಸರೇ ಅಲ್ಲಿನ ನೆಲ ಎಂಥದೆಂಬುದನ್ನು ಹೇಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದುರು ಹೋಗುತ್ತಿದ್ದುದು ಆ ಗುಡ್ಡಗಳಿಂದಲೇ. ಕಬ್ಬಿಣದ ಅಂಶ ತುಂಬಿದ ಆ ಜಿಗಟು ಮಣ್ಣು ಪಾದರಕ್ಷೆಯ ಅಡಿಗೆ ಮೆತ್ತಿ ಮೆತ್ತಿ, ಅದರ ಹಲ್ಲುಗಳನ್ನೆಲ್ಲ ಮುಚ್ಚಿ, ಬೆಲೆಬಾಳುವ ಜೋಡನ್ನೂ ನುಣ್ಣನೆಯ ಹಲಗೆಯನ್ನಾಗಿ ಮಾಡಿಬಿಡುತ್ತದೆ.

ಇಲ್ಲಿ ನಡೆಯುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕೆಸರನ್ನು ಕಂಡರೆ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಜೋಡು ಕೊಳೆಯಾಗಬಾರದು, ಕಾಲು ಜಾರಬಾರದು ಎಂಬುದು ಅವರ ಎಣಿಕೆ. ಒಬ್ಬನ ಮಟ್ಟಿಗೆ ಈ ಎಣಿಕೆ ಸರಿಯಾದದ್ದೇ. ಆದರೆ ಒಂದು ಭಾನುವಾರ ಇನ್ನೂರು ಮಂದಿ ಹೀಗೆಯೇ ಎಣಿಸಿದರೆ ಸಂಜೆಯ ಹೊತ್ತಿಗೆ ಆ ಹುಲ್ಲು ಇರುವುದಿಲ್ಲ. ಆಗತಾನೆ ಚಿಗುರಿದ ಹುಲ್ಲಿನ ಬೇರು ಬಲಿತಿರುವುದಿಲ್ಲ. ನೆನೆದ ಮಣ್ಣಿನಲ್ಲಿ ಹಿಮ್ಮಡಿಯ ಒಂದು ತಿರುವಿಗೆ ಹೆಂಟೆಯೊಡನೆ ಕಿತ್ತುಬರುತ್ತದೆ. ಮುಂದಿನ ಮಳೆಗೆ ಅದೂ ಕೆಸರು. ಆಮೇಲೆ ಬಂದವರು ಅದನ್ನು ಬಿಟ್ಟು ಇನ್ನೂ ಆಚೆಗೆ ಸರಿಯುತ್ತಾರೆ. ಹುಲ್ಲುಗಿರಿಗಳ ಏಣಿನ ಮೇಲೆ ಒಂದೇ ಕಡೆಗೆ ಹೋಗುವ ಮೂರು ನಾಲ್ಕು ದಾರಿಗಳು ಅಕ್ಕಪಕ್ಕದಲ್ಲಿ ಉತ್ತ ಸಾಲುಗಳಂತೆ ಬಿದ್ದಿರುವುದನ್ನು ಕಂಡಾಗ, ಇದಕ್ಕೆ ಕಾರಣ ಹೆಚ್ಚು ಮಂದಿ ಬಂದದ್ದಷ್ಟೇ ಅಲ್ಲ, ಬಂದವರು ಕೆಸರನ್ನು ಒಲ್ಲೆನೆಂದದ್ದು ಎಂಬುದನ್ನು ನೆನೆಯಬೇಕು. ಆದುದರಿಂದ ಬೆಟ್ಟದ ದಾರಿಯಲ್ಲಿ ಕೆಸರಿದ್ದರೆ ಕಾಲಿಡತಕ್ಕದ್ದು ಕೆಸರಿನ ನಡುವೆಯೇ. ಜೋಡನ್ನು ಉಳಿಸಿಕೊಳ್ಳಬೇಕೆನ್ನುವವರು ಆ ದಿವಸ ಮನೆಯಲ್ಲಿ ಕುಳಿತು ಪ್ರವಾಸಕಥನವನ್ನು ಓದಬಹುದು. ಅದರಿಂದ ಯಾರಿಗೂ ಕೇಡಿಲ್ಲ.

ಒಳದಾರಿಯ ಮಾತೂ ಹೀಗೆಯೇ. ಏರು ಕಡಿದಾದ ಕಡೆ ದಾರಿಯು ಹಾವಿನಂತೆ ಅತ್ತಿತ್ತ ಬಳುಕಿ ಏರುವುದು ನಡೆಯುವವರ ಉಸಿರನ್ನು ಉಳಿಸುವುದಕ್ಕೆ ಮಾತ್ರವಲ್ಲ. ಇಳಿಯುವ ನೀರಿನ ವೇಗವನ್ನು ಮುರಿಯುವುದಕ್ಕೂ ಹೌದು. ಹುಡುಗರು ಇಳಿಯುವಾಗ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ನೆಟ್ಟಗೆ ಹಾರಿಕೊಂಡು ಬರುತ್ತಾರೆ. ಅವರಿಗೆ ಉಳಿಯುವುದು ಎರಡು ನಿಮಿಷ. ಆ ನೆಟ್ಟನೆಯ ಗೆರೆ ಮಾತ್ರ ನೀರಿಗೆ ಕಾಲುವೆಯಾಗುತ್ತದೆ. ಮುಂಗಾರು ಮುಗಿಯುವಷ್ಟರಲ್ಲಿ ಅದು ಮೊಣಕಾಲುದ್ದದ ಕೊರಕಲು. ಈ ಮಣ್ಣು ಎಲ್ಲಿಗೆ ಹೋಗುತ್ತದೆಂದು ನಾವು ಕೇಳುವುದಿಲ್ಲ. ಬಾಬಾಬುಡನ್ ಗಿರಿಗಳ ಮೂಡಣ ಮಗ್ಗುಲಿನ ನೀರು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಇಳಿಯುತ್ತದೆ; ಅಲ್ಲಿಂದ ಮುಂದೆ ವೇದಾವತಿಯಾಗಿ ಬಯಲುಸೀಮೆಗೆ ಹರಿಯುತ್ತದೆ. ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಗಿರಿಯ ನೆತ್ತಿಯ ಮಣ್ಣು ಕೆಳಗಿನ ಕೆರೆಯ ಹೂಳು. ಮೇಲೆ ಹುಲ್ಲು, ಮಡಿಲುಗಳಲ್ಲಿ ಶೋಲಾ ಕಾಡು, ಇವೆರಡೂ ಕೂಡಿ ನೀರನ್ನು ಹಿಡಿದಿಟ್ಟು ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬಿಡುವುದರಿಂದಲೇ ಆ ಹೊಳೆಗಳು ಹೊಳೆಗಳಾಗಿರುವುದು.

ಮಣ್ಣಿನ ಮಾತನ್ನು ಇಷ್ಟು ಹೇಳಿದ ಮೇಲೆ ಕಲ್ಲು, ಬೇರು, ಎಲೆಗಳ ಮಾತನ್ನು ಬೇಗ ಮುಗಿಸಬಹುದು. ಬಂಡೆಗಳ ಮೇಲೆ ಬೇಸಗೆಯಲ್ಲಿ ಒಣಗಿ ಕಪ್ಪಗೆ ಕಾಣುವ ಹೊರಪೊರೆ ಸತ್ತದ್ದಲ್ಲ, ಅದು ಪಾಚಿ. ನೀರು ಬಿದ್ದೊಡನೆಯೇ ಅದು ಲೋಳೆಯಾಗುತ್ತದೆ. ಕಪ್ಪು ಬಂಡೆಗಿಂತ ಬಿಳಿಚಿದ ಬಂಡೆಯೇ ಕಾಲಿಗೆ ಮೇಲು. ಕಾಡಿನೊಳಗೆ ಮಾಘ ಫಾಲ್ಗುಣಗಳಲ್ಲಿ ಉದುರಿದ ಎಲೆಗಳು ಒಂದರ ಮೇಲೊಂದು ಒದ್ದೆಯಾಗಿ ಅಂಟಿಕೊಂಡು ಕೆಳಗಿನ ಬೇರನ್ನು ಮುಚ್ಚಿರುತ್ತವೆ. ಒದ್ದೆಯಾದ ಬೇರಿನ ಮೇಲೆ ಓರೆಯಾಗಿ ಇಟ್ಟ ಕಾಲು ನಿಲ್ಲುವುದಿಲ್ಲ. ಏರುವಾಗ ಬೀಳುವವರು ಕಡಮೆ. ದಣಿದ ಮೊಣಕಾಲಿನಿಂದ, ಊಟದ ಯೋಚನೆಯಿಂದ, ಇನ್ನೇನು ಬಂದಿತೆಂಬ ಅವಸರದಿಂದ ಇಳಿಯುವಾಗ ಬೀಳುವವರೇ ಹೆಚ್ಚು. ಹಳ್ಳಿಯವರು ಇಳಿಯುವುದನ್ನು ನೋಡಬೇಕು. ಹೆಜ್ಜೆ ಚಿಕ್ಕದು, ಮೊಣಕಾಲು ತುಸು ಬಗ್ಗಿರುತ್ತದೆ, ಮೈ ಓರೆಯಾಗಿ ತಿರುಗಿರುತ್ತದೆ, ಕೈಯಲ್ಲಿ ಒಂದು ಬಿದಿರ ಕೋಲು. ಆ ಕೋಲಿಗೆ ಈಗ ಅಂಗಡಿಗಳಲ್ಲಿ ಸಾವಿರಾರು ರೂಪಾಯಿ ಬೆಲೆಯ ಲೋಹದ ರೂಪ ಬಂದಿದೆ, ಕೆಲಸ ಒಂದೇ.

ಇಂಬಳಗಳ ವಿಷಯದಲ್ಲಿ ಊರಿನವರಿಗೆ ಇರುವಷ್ಟು ಭಯ ಅವಕ್ಕೆ ಸಲ್ಲತಕ್ಕದ್ದಲ್ಲ. ಕೆಲವರು ಉಂಬಳವೆಂದೂ ಕರೆಯುವ ಈ ಪ್ರಾಣಿ ಬೇಸಗೆಯಲ್ಲೆಲ್ಲ ಕಾಡಿನ ತಂಪಿನಲ್ಲಿ ಅಡಗಿದ್ದು ಮೊದಲ ಮಳೆಗಳಿಗೇ ಎಲೆಯ ತುದಿಗೆ ಬಂದು ನಿಲ್ಲುತ್ತದೆ. ಅದು ಕಚ್ಚಿದ್ದು ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಡುವುದರಿಂದ ಬಿಟ್ಟ ಮೇಲೂ ಗಾಯ ಸ್ವಲ್ಪ ಹೊತ್ತು ಒಸರುತ್ತದೆ. ಎಳೆದು ಕೀಳದೆ ಉಗುರಿನಿಂದ ಅದರ ಬಾಯಿಯನ್ನು ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಮಲೆನಾಡಿನವರು ಬಟ್ಟೆಯಲ್ಲಿ ಉಪ್ಪನ್ನೋ ಹೊಗೆಸೊಪ್ಪು ಸುಣ್ಣವನ್ನೋ ಕಟ್ಟಿಕೊಂಡು ಹೋಗುತ್ತಾರೆ. ನಿಜವಾದ ಅಪಾಯವಿರುವುದು ಇಂಬಳದಲ್ಲಿಲ್ಲ, ಅದನ್ನು ಕಂಡು ಕಡಿದಾದ ಜಾಗದಲ್ಲಿ ಕುಣಿದಾಡುವುದರಲ್ಲಿ.

ಈಗ ಆಕಾಶದ ಮಾತು. ಬೇಸಗೆಯ ಮಳೆಗೂ ಮುಂಗಾರಿಗೂ ಇರುವ ಮುಖ್ಯವಾದ ವ್ಯತ್ಯಾಸ ಇಲ್ಲಿದೆ. ಮುಂಗಾರಿನ ಮೋಡ ನೀರನ್ನು ತರುತ್ತದೆ, ಸಿಡಿಲನ್ನು ಅಷ್ಟಾಗಿ ತರುವುದಿಲ್ಲ. ಬೇಸಗೆಯ ಮೋಡ ಕಾದ ನೆಲದ ಬಿಸಿಗಾಳಿ ಮೇಲಕ್ಕೆದ್ದು ಗೋಪುರದಂತೆ ಬೆಳೆದದ್ದು. ಅದರ ಒಡಲೆಲ್ಲ ವಿದ್ಯುತ್ತು. ಪ್ರತಿವರ್ಷ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊಲದಲ್ಲಿದ್ದ ರೈತರೂ ಕುರಿ ಕಾಯುವವರೂ ಸಿಡಿಲಿಗೆ ಬಲಿಯಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಬಯಲಿನಲ್ಲಿಯೇ ಹೀಗಾದರೆ, ಮರವಿಲ್ಲದ ಹುಲ್ಲುಗಿರಿಯ ಏಣಿನ ಮೇಲೆ ನಡೆಯುವ ಮನುಷ್ಯನ ಸ್ಥಿತಿಯೇನು? ಸುತ್ತಣ ಪ್ರದೇಶಕ್ಕೆಲ್ಲ ಎತ್ತರವಾದ ವಸ್ತು ಅವನೇ.

ಕುದುರೆಮುಖವನ್ನು ಹತ್ತಿದವರಿಗೆ ಒಂಟಿಮರವೆಂಬ ಗುರುತಿನ ಜಾಗ ಗೊತ್ತು. ಬೋಳುಗಿರಿಯ ನಡುವೆ ಒಂದೇ ಮರ. ಬಿಸಿಲಿನಲ್ಲಿ ಬಂದವರಿಗೆ ಅದು ಧರ್ಮಛತ್ರ. ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚದವರಿಲ್ಲ. ಮೋಡ ಗುಡುಗಿದಾಗ ಅಲ್ಲಿ ನಿಲ್ಲುವುದಕ್ಕಿಂತ ನೆನೆಯುವುದು ಎಷ್ಟೋ ಲೇಸು. ಸಿಡಿಲು ಮರಕ್ಕೆ ಹೊಡೆದರೆ ಅದು ಮರದಲ್ಲಿಯೇ ನಿಲ್ಲುವುದಿಲ್ಲ. ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ನೆಗೆಯುತ್ತದೆ, ಬುಡದ ಸುತ್ತಲಿನ ನೆಲದಲ್ಲಿ ಹರಿಯುತ್ತದೆ. ಮರದಡಿ ನಿಂತ ದನಗಳ ಹಿಂಡಿಗೆ ಹಿಂಡೇ ಸಾಯುವುದು ಹೀಗೆ. ಮಳೆ ಬಂದಾಗ ಮರದ ಕೆಳಗೆ ನಿಲ್ಲು ಎಂದು ನಮ್ಮ ಹಿರಿಯರು ಚಿಕ್ಕಂದಿನಲ್ಲಿ ಹೇಳಿದ್ದರೆ, ಆ ಒಂದು ಮಾತನ್ನು ಅವರ ಇತರ ಉಪದೇಶಗಳಿಂದ ಬೇರ್ಪಡಿಸಿ ಬಿಟ್ಟುಬಿಡತಕ್ಕದ್ದು. ಶಿಖರದ ಮೇಲಿನ ತೆರೆದ ಮಂಟಪ, ಬಂಡೆಯ ಚಾಚಿನ ಕೆಳಗಿನ ಸಣ್ಣ ಗವಿ, ತಂತಿಯ ಬೇಲಿಯ ಮಗ್ಗುಲು, ಇವು ಯಾವುವೂ ಆಶ್ರಯವಲ್ಲ. ಮಳೆಯಿಂದ ಕಾಪಾಡುವುದೆಲ್ಲ ಸಿಡಿಲಿನಿಂದ ಕಾಪಾಡುವುದಿಲ್ಲ.

ಮಿಂಚಿಗೂ ಗುಡುಗಿಗೂ ನಡುವಣ ಹೊತ್ತನ್ನು ಎಣಿಸುವ ಪದ್ಧತಿ ಹಳೆಯದು, ಒಳ್ಳೆಯದು. ಶಬ್ದ ಒಂದು ಕಿಲೋಮೀಟರು ಬರುವುದಕ್ಕೆ ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಅಷ್ಟು ದೂರಕ್ಕೆ ಅದು ಹಾಯಬಲ್ಲದು. ಆಗ ಶಿಖರ ನೂರೇ ಗಜ ದೂರವಿದ್ದರೂ ಬೆನ್ನುಹಾಕಿ ಏಣಿನಿಂದ ಇಳಿಯಬೇಕು. ಗುಂಪಾಗಿ ಅಲ್ಲ, ಒಬ್ಬರಿಗೊಬ್ಬರು ದೂರವಾಗಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧಗಂಟೆ ಕಳೆಯುವವರೆಗೆ ಮತ್ತೆ ಹತ್ತಕೂಡದು. ಇಳಿಯುವುದಕ್ಕೂ ಅವಕಾಶವಿಲ್ಲದಾಗ, ತಗ್ಗಾದ ಜಾಗದಲ್ಲಿ ಪಾದಗಳೆರಡನ್ನೂ ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದೊಂದೇ ಉಳಿಯುವುದು. ಅದೂ ರಕ್ಷಣೆಯಲ್ಲ, ಅಪಾಯವನ್ನು ಕಡಮೆ ಮಾಡಿಕೊಳ್ಳುವ ಉಪಾಯ, ಅಷ್ಟೆ.

ಇದಕ್ಕೆಲ್ಲ ಮಿಗಿಲಾದ ಉಪಾಯ ಹೊತ್ತನ್ನು ಅರಿಯುವುದು. ಈ ಮೋಡಗಳು ಬೆಳೆಯುವುದಕ್ಕೆ ಬಿಸಿಲು ಬೇಕು; ಆದುದರಿಂದ ಅವು ಮಧ್ಯಾಹ್ನದ ಮೇಲೆ, ಬಹುವೇಳೆ ಸಂಜೆಯ ಹೊತ್ತಿಗೆ ಒಡೆಯುತ್ತವೆ. ಬೆಳಗಿನ ಆಕಾಶ ನಿರ್ಮಲವಾಗಿರುವುದನ್ನು ನೋಡಿ ಮೋಸಹೋಗುವುದಕ್ಕೆ ಇದೇ ಕಾರಣ. ಊರಿನಿಂದ ಹೊರಡುವ ಪ್ರವಾಸಿಗರು ತಿಂಡಿ ಮುಗಿಸಿ, ದಾರಿಯಲ್ಲಿ ಎರಡು ಕಡೆ ಕಾಫಿಗೆ ನಿಂತು, ಹನ್ನೊಂದು ಗಂಟೆಗೆ ಬೆಟ್ಟದ ಬುಡವನ್ನು ಮುಟ್ಟುತ್ತಾರೆ. ಅಂದರೆ ಮೋಡವು ಮೇಲೆ ಏರುವ ಹೊತ್ತೂ ಅವರು ಏರುವ ಹೊತ್ತೂ ಒಂದೇ. ಬೆಳಕು ಹರಿಯುವ ಮುನ್ನ ಹೊರಟು, ಹನ್ನೆರಡರೊಳಗೆ ಏಣನ್ನು ಬಿಟ್ಟು ಕಾಡಿನ ಅಂಚಿಗೆ ಇಳಿದವರಿಗೆ ಈ ಭಯ ಬಹುಪಾಲು ಇಲ್ಲ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಮಾಡಿರುವ ದಾಮಿನಿ ಎಂಬ ಸಾಧನವನ್ನು ದೂರವಾಣಿಯಲ್ಲಿ ಇಟ್ಟುಕೊಂಡರೆ ಸುತ್ತಮುತ್ತ ಎಲ್ಲಿ ಸಿಡಿಲು ಹೊಡೆಯುತ್ತಿದೆಯೆಂಬುದು ತಿಳಿಯುತ್ತದೆ. ಆದರೆ ಗಿರಿಯ ಎಷ್ಟೋ ಕಡೆ ದೂರವಾಣಿ ಮೂಕವಾಗುತ್ತದೆ. ಕಿವಿ ಅಲ್ಲಿಯೂ ಕೆಲಸಮಾಡುತ್ತದೆ.

ಹಳ್ಳಗಳ ವಿಷಯವಾಗಿ ಒಂದು ಮಾತು. ಕುದುರೆಮುಖದ ದಾರಿ ಹಲವು ತೊರೆಗಳನ್ನು ದಾಟಿ ಹೋಗುತ್ತದೆ. ಬೆಳಿಗ್ಗೆ ಜೋಡು ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ದಾಟಿದ ತೊರೆಯು ಸಂಜೆ ಮೊಣಕಾಲಿಗೆ ಬಂದಿರಬಹುದು; ನಾವಿರುವ ಕಡೆ ಒಂದು ಹನಿಯೂ ಬೀಳದೆ ಮೇಲಿನ ಕಣಿವೆಯಲ್ಲಿ ಸುರಿದಿರಬಹುದು. ತಿಳಿಯಾದ ನೀರು ಕದಡಿ ಎಲೆ ಕಡ್ಡಿಗಳು ತೇಲಿಬರತೊಡಗಿದರೆ ಅದು ಏರುತ್ತಿದೆಯೆಂದು ಅರ್ಥ. ಬೆಟ್ಟದ ತೊರೆ ಏರುವಷ್ಟೇ ಬೇಗ ಇಳಿಯುತ್ತದೆ. ಎರಡು ಮೂರು ಗಂಟೆ ದಂಡೆಯ ಮೇಲೆ ಕುಳಿತಿರುವುದು ಬೇಸರದ ಕೆಲಸ, ಆದರೆ ಅದಕ್ಕಿಂತ ಹೆಚ್ಚಿನ ಜಾಣತನ ಅಲ್ಲಿ ಬೇಕಾಗುವುದಿಲ್ಲ.

ಹೊರಡುವ ಮುನ್ನ ಪಂಚಾಂಗವನ್ನು ನೆಚ್ಚಬಾರದು. ಮುಂಗಾರು ಜೂನ್ ಒಂದರ ಸುಮಾರಿಗೆ ಕೇರಳವನ್ನು ಮುಟ್ಟುವುದೆಂಬುದು ವಾಡಿಕೆಯ ಲೆಕ್ಕ. 2025ರಲ್ಲಿ ಅದು ಮೇ 24ಕ್ಕೇ ಬಂದುಬಿಟ್ಟಿತು. ಬೇಸಗೆಯ ಮಳೆಯೆಂದು ಹೊರಟವರಿಗೆ ಮುಂಗಾರೇ ಎದುರಾಯಿತು. ದಾರಿ ತೆರೆದಿದೆಯೇ ಎಂಬುದನ್ನು ಅರಣ್ಯ ಇಲಾಖೆಯವರಿಂದ ಮೊದಲೇ ತಿಳಿಯುವುದೂ ಅಗತ್ಯ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಒಂದೇ ರಜೆಗೆ ಸಾವಿರಾರು ಮಂದಿ ನೆರೆದು, ಆಮೇಲೆ ಸರ್ಕಾರದವರು ಇಂತಿಷ್ಟೇ ಜನವೆಂಬ ಮಿತಿಯನ್ನೂ ಮುಂಗಡ ನೋಂದಣಿಯನ್ನೂ ಏರ್ಪಡಿಸಬೇಕಾಯಿತು. ಈ ಕಟ್ಟಳೆಯನ್ನು ಬೈಯುವವರನ್ನು ನಾವು ಬಲ್ಲೆವು. ಬೆಟ್ಟ ಯಾರಪ್ಪನ ಮನೆಯದು ಎಂದು ಅವರು ಕೇಳುತ್ತಾರೆ. ಯಾರದೂ ಅಲ್ಲವೆಂಬುದರಿಂದಲೇ ಲೆಕ್ಕ ಬೇಕಾಗುತ್ತದೆಂಬುದು ನಮ್ಮ ಉತ್ತರ. ಆದರೆ ಲೆಕ್ಕ ಬರಿಯ ತಲೆಗಳದಾದರೆ ಸಾಲದು. ಒಣಗಿದ ಡಿಸೆಂಬರಿನಲ್ಲಿ ಮುನ್ನೂರು ಮಂದಿಯನ್ನು ತಾಳುವ ದಾರಿ, ಎರಡು ಗುಡುಗುಮಳೆಗಳ ಮಾರನೆಯ ದಿನ ಐವತ್ತು ಮಂದಿಯನ್ನೂ ತಾಳದೆ ಹೋಗಬಹುದು. ದೊಡ್ಡ ಮಳೆಯಾದ ಮೇಲೆ ಎರಡು ದಿವಸ ದಾರಿಯನ್ನು ಆರಲು ಬಿಡುವ ಪದ್ಧತಿಯೊಂದು ಬಂದರೆ, ಅದರಿಂದಾಗುವ ಉಪಕಾರ ಎಷ್ಟೋ ಫಲಕಗಳಿಂದ ಆಗುವುದಿಲ್ಲ.

ಹಿಂದಿರುಗಿ ಬಂದಾಗಲೂ ಒಂದು ಸಣ್ಣ ಕೆಲಸವಿದೆ. ನೆನೆದ ಮಣ್ಣು ಜೋಡಿಗೆ ಅಂಟಿಕೊಂಡು ಬರುವಾಗ ಬೀಜಗಳನ್ನೂ ತರುತ್ತದೆ. ಲಂಟಾನವೂ, ಮಲೆನಾಡಿನವರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆಯೂ ಗಿರಿಗಳ ತಪ್ಪಲನ್ನು ಈಗಾಗಲೇ ಹಿಡಿದಿವೆ. ಇವೆರಡೂ ಹೊರನಾಡುಗಳಿಂದ ಬಂದುವು. ಕಮ್ಯುನಿಸ್ಟ್ ಗಿಡದ ಹಗುರವಾದ ಬೀಜಕ್ಕೆ ಗಾಳಿಯೂ ವಾಹನ, ನಮ್ಮ ಬಟ್ಟೆ ಜೋಡುಗಳೂ ವಾಹನ. ಒಂದು ಬೆಟ್ಟದ ಮಣ್ಣನ್ನು ಇನ್ನೊಂದು ಬೆಟ್ಟಕ್ಕೆ ಒಯ್ಯದಂತೆ, ಬುಡದಲ್ಲಿಯೇ ಒಂದು ಕಡ್ಡಿಯಿಂದ ಜೋಡಿನ ಹಲ್ಲುಗಳನ್ನು ಕೆರೆದು, ಸಿಕ್ಕಿದಷ್ಟು ನೀರಿನಲ್ಲಿ ತೊಳೆದು ಗಾಡಿ ಹತ್ತಬೇಕು. ತೊಳೆಯುವುದು ತೊರೆಯ ಒಳಗಲ್ಲ, ದಂಡೆಯಿಂದ ದೂರದಲ್ಲಿ. ಕೆಳಗೆ ಅದೇ ನೀರನ್ನು ಕುಡಿಯುವ ಮನೆಗಳಿರುತ್ತವೆ.